ಬೋಡಕ್‌ದೇವ್ ಮಗ್ಗುಲಿಗೆ ಬಂದ ಹವಾಯಿ

ಅಹಮದಾಬಾದಿನ ಪಶ್ಚಿಮಕ್ಕೆ ಬೋಡಕ್‌ದೇವ್, ಥಲ್ತೇಜ್, ವಸ್ತ್ರಾಪುರ ಬಡಾವಣೆಗಳು ಒಂದಕ್ಕೊಂದು ತಾಗಿಕೊಂಡಿವೆ. ಅಲ್ಲಿ ಹಾದುಹೋಗುವ ದೊಡ್ಡ ರಸ್ತೆಯ ಹೆಸರು ಡ್ರೈವ್-ಇನ್ ರೋಡ್. ಯಾವ ನಾಯಕನ ಹೆಸರೂ ಅಲ್ಲ, ದೇವರ ಹೆಸರೂ ಅಲ್ಲ. ಆ ಹೆಸರು ಬಂದದ್ದು ಒಂದು ಚಿತ್ರಮಂದಿರದಿಂದ. 1973ರಲ್ಲಿ, ಆ ಭಾಗವಿನ್ನೂ ಊರಾಚೆಯ ಬಯಲಾಗಿದ್ದಾಗ, ಸನ್‌ಸೆಟ್ ಡ್ರೈವ್-ಇನ್ ಸಿನಿಮಾ ಅಲ್ಲಿ ಶುರುವಾಯಿತು. ಛಾವಣಿ ಇಲ್ಲ, ಗೋಡೆ ಇಲ್ಲ. ಎದುರಿಗೆ ಆಕಾಶಕ್ಕೆ ಆನಿಸಿ ನಿಲ್ಲಿಸಿದಂಥ ಭಾರಿ ಪರದೆ, ಅದರ ಮುಂದೆ 665 ಕಾರುಗಳಿಗೆ ಜಾಗ, ಕಾರಿಲ್ಲದವರಿಗೆ ಬೇರೆ ಆಸನಗಳ ವ್ಯವಸ್ಥೆ. ಏಷ್ಯಾದಲ್ಲೇ ದೊಡ್ಡ ಬಯಲು ಪರದೆ ಎಂಬ ಹೆಸರು ಅದಕ್ಕೆ ಬಹಳ ಕಾಲ ಅಂಟಿಕೊಂಡಿತ್ತು. ಸರ್ಖೇಜ್–ಗಾಂಧಿನಗರ ಹೆದ್ದಾರಿ, ಮಾಲ್‌ಗಳು, ಗಾಜಿನ ಕಚೇರಿಗಳು ಎಲ್ಲ ಆಮೇಲೆ ಬಂದವು. ಊರು ಪರದೆಯನ್ನು ಸುತ್ತಿಕೊಂಡು ಬೆಳೆಯಿತು.

ಇಂಥ ಚಿತ್ರಮಂದಿರಕ್ಕೆ ಅಮೆರಿಕದಲ್ಲಿ ಒಂದು ಜೊತೆ ಇತ್ತು. ಅದು ಟಿಕಿ ಸಂಸ್ಕೃತಿ. ಬಿದಿರು, ತೆಂಗಿನ ಗರಿ, ಕೆತ್ತಿದ ಮರದ ದೇವರುಗಳ ನಡುವೆ ಕೂತು ರಮ್ ಕುಡಿಯುವ ಆ ಹುಚ್ಚು 1930ರ ದಶಕದಲ್ಲಿ ಹುಟ್ಟಿ, 1950–60ರ ದಶಕಗಳಲ್ಲಿ ಅಮೆರಿಕವನ್ನೆಲ್ಲ ಆವರಿಸಿ, ಆಮೇಲೆ ಹಳೆಯ ಸಿನಿಮಾಗಳ ನೆನಪಿನ ಜೊತೆ ಹೆಣೆದುಕೊಂಡು ಇಂದಿಗೂ ಉಳಿದಿದೆ. ಡ್ರೈವ್-ಇನ್ ಮತ್ತು ಟಿಕಿ ಬಾರ್ ಎರಡೂ ಒಂದೇ ಕಾಲದಲ್ಲಿ ಹುಟ್ಟಿದವು. 1933ರ ಜೂನ್ 6ರಂದು ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಮೊದಲ ಡ್ರೈವ್-ಇನ್ ತೆರೆದ. ಅದೇ ವರ್ಷದ ಡಿಸೆಂಬರ್ 5ರಂದು ಅಮೆರಿಕದ ಪಾನನಿಷೇಧ ರದ್ದಾಯಿತು. ಅದರ ಬೆನ್ನಲ್ಲೇ ಹಾಲಿವುಡ್‌ನ ಒಂದು ಸಣ್ಣ ಕೋಣೆಯಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬ ಅಲೆಮಾರಿ ‘ಡಾನ್ಸ್ ಬೀಚ್‌ಕೋಂಬರ್’ ಎಂಬ ಬಾರ್ ತೆರೆದ. ಆರ್ಥಿಕ ಮಹಾಕುಸಿತದ ದಿನಗಳವು. ಕೆಲಸ ಕಳೆದುಕೊಂಡ ದೇಶ ಒಂದೆರಡು ತಾಸಾದರೂ ಬೇರೆಲ್ಲೋ ಇರಲು ಬಯಸುತ್ತಿತ್ತು.

ಗ್ಯಾಂಟ್ ಕಟ್ಟಿದ ಲೋಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೋಡೆಯ ಅಲಂಕಾರವೆಲ್ಲ ಪಾಲಿನೇಷ್ಯಾದ್ದು, ಅಂದರೆ ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳದ್ದು. ಲೋಟದೊಳಗಿನ ರಮ್ ಬರುತ್ತಿದ್ದುದು ಭೂಗೋಳದ ಇನ್ನೊಂದು ಬದಿಯ ಕೆರಿಬಿಯನ್ ದ್ವೀಪಗಳಿಂದ. ಪಾನನಿಷೇಧ ಮುಗಿದ ಹೊತ್ತಿಗೆ ಅಗ್ಗಕ್ಕೆ ಸಿಗುತ್ತಿದ್ದ ಮದ್ಯ ಅದೇ. ತಟ್ಟೆಗೆ ಬರುತ್ತಿದ್ದ ಊಟ ಚೀನಾದ ಕ್ಯಾಂಟನ್ ಶೈಲಿಯದು. ಪಾನೀಯ ಬೆರೆಸುತ್ತಿದ್ದವರಲ್ಲಿ ಎಷ್ಟೋ ಮಂದಿ ಫಿಲಿಪ್ಪೀನ್ಸ್‌ನಿಂದ ಬಂದ ವಲಸೆಗಾರರು. ಯಾವ ದ್ವೀಪದಲ್ಲೂ ಇಂಥದ್ದೊಂದು ಮನೆ ಇರಲಿಲ್ಲ. ಗ್ಯಾಂಟ್ ತನ್ನ ಬೆರಕೆಯ ಗುಟ್ಟನ್ನು ಸಂಕೇತಗಳಲ್ಲಿ ಬರೆದಿಟ್ಟಿದ್ದ. ಅವನ ‘ಜಾಂಬಿ’ ಪಾನೀಯದ ಮೂಲ ಪಾಕವನ್ನು ಜೆಫ್ ಬೆರಿ ಎಂಬ ಸಂಶೋಧಕ ಬಿಡಿಸಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಓಕ್‌ಲ್ಯಾಂಡಿನ ವಿಕ್ಟರ್ ಬರ್ಜೆರಾನ್ ‘ಟ್ರೇಡರ್ ವಿಕ್ಸ್’ ಹೆಸರಿನಲ್ಲಿ ಇದನ್ನೇ ದೊಡ್ಡ ವ್ಯಾಪಾರ ಮಾಡಿದ. ‘ಮೈ ತಾಯ್’ ಎಂಬ ಪಾನೀಯ 1944ರಲ್ಲಿ ತನ್ನ ಕೈಯಿಂದ ಹುಟ್ಟಿತೆಂದು ಅವನ ಹೇಳಿಕೆ.

ಈ ಲೋಕಕ್ಕೂ ಸಿನಿಮಾಗೂ ಮೊದಲಿನಿಂದಲೇ ಕೊಡುಕೊಳ್ಳುವಿಕೆ ಇತ್ತು. ಗ್ಯಾಂಟ್ ತಾನು ತಿರುಗಾಟದಲ್ಲಿ ಕೂಡಿಹಾಕಿದ ಬಲೆ, ಚಿಪ್ಪು, ಮುಖವಾಡಗಳನ್ನು ಹಾಲಿವುಡ್ ಸ್ಟುಡಿಯೋಗಳಿಗೆ ಬಾಡಿಗೆಗೆ ಕೊಡುತ್ತಿದ್ದ, ಸೆಟ್ ಹಾಕುವವರಿಗೆ ಸಲಹೆ ಕೊಡುತ್ತಿದ್ದ. ಸಿನಿಮಾದವರು ಸಂಜೆ ಅವನ ಬಾರಿಗೆ ಬರುತ್ತಿದ್ದರು. 1931ರ ‘ಟಬು’, 1935ರ ‘ಮ್ಯೂಟಿನಿ ಆನ್ ದ ಬೌಂಟಿ’, 1937ರ ‘ದ ಹರಿಕೇನ್’ ನೋಡಿದ ಪ್ರೇಕ್ಷಕ ಬಾರಿಗೆ ಬಂದಾಗ ಅಲ್ಲಿ ಕಂಡದ್ದು ಪರದೆಯ ಮೇಲಿನ ದ್ವೀಪವನ್ನೇ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ಗೆ ಹೋಗಿಬಂದ ಸೈನಿಕರು ಈ ಕನಸಿಗೆ ಇನ್ನೊಂದು ಪದರ ಸೇರಿಸಿದರು. ಜೇಮ್ಸ್ ಮಿಚ್ನರ್ 1947ರಲ್ಲಿ ಬರೆದ ಕಥೆಗಳು ರಂಗನಾಟಕವಾಗಿ, 1958ರಲ್ಲಿ ‘ಸೌತ್ ಪೆಸಿಫಿಕ್’ ಸಿನಿಮಾ ಆದವು. ಆ ಚಿತ್ರದಲ್ಲಿ ಹಾಡು ಬಂದಾಗಲೆಲ್ಲ ಆಕಾಶ, ಕಡಲು ಹಳದಿಗೋ ನೇರಳೆಗೋ ತಿರುಗುತ್ತವೆ. ಕ್ಯಾಮೆರಾಕ್ಕೆ ಬಣ್ಣದ ಫಿಲ್ಟರ್ ಹಾಕಿ ಚಿತ್ರಿಸಿದ್ದರು. 1947ರಲ್ಲೇ ನಾರ್ವೆಯ ಥಾರ್ ಹೆಯರ್‌ಡಾಲ್ ‘ಕಾನ್-ಟಿಕಿ’ ಎಂಬ ಮರದ ತೆಪ್ಪದಲ್ಲಿ ಪೆರುವಿನಿಂದ ಹೊರಟು 101 ದಿನಗಳಲ್ಲಿ ಪಾಲಿನೇಷ್ಯಾ ಮುಟ್ಟಿದ. ಆ ಸಾಹಸದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. 1959ರಲ್ಲಿ ಹವಾಯಿ ಅಮೆರಿಕದ ಐವತ್ತನೆಯ ರಾಜ್ಯವಾಯಿತು. 1961ರಲ್ಲಿ ಎಲ್ವಿಸ್ ಪ್ರೀಸ್ಲಿ ‘ಬ್ಲೂ ಹವಾಯಿ’ಯಲ್ಲಿ ಕೊರಳಿಗೆ ಹೂಮಾಲೆ ಹಾಕಿಕೊಂಡು ಹಾಡಿದ.

ಪಾಲಿನೇಷ್ಯಾದ ಬಗ್ಗೆ ಕನ್ನಡಿಗರಿಗೆ ತಿಳಿಸಿಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ಅವರ ಮಿಲೆನಿಯಮ್ ಸರಣಿಯ ‘ಪೆಸಿಫಿಕ್ ದ್ವೀಪಗಳು’ ಓದಿದವರಿಗೆ ಆ ಸಾಗರ ಮೋಜಿನ ತಾಣವಾಗಿ ಉಳಿಯುವುದಿಲ್ಲ. ಟಿಕಿ ಬಾರ್‌ಗಳ ಗೋಡೆಯಲ್ಲಿ ಅದರ ನಿಜವಾದ ಚರಿತ್ರೆ ಎಲ್ಲೂ ಇರಲಿಲ್ಲ. ಹವಾಯಿ ಹಿಂದೆ ಒಂದು ಸ್ವತಂತ್ರ ರಾಜ್ಯವಾಗಿತ್ತು, ಅದಕ್ಕೊಬ್ಬ ರಾಣಿ ಇದ್ದಳು. 1893ರಲ್ಲಿ ಅಮೆರಿಕನ್ ವ್ಯಾಪಾರಸ್ಥರು ಸೈನ್ಯದ ಬೆಂಬಲದಲ್ಲಿ ಲಿಲಿಯೊಕಲಾನಿಯನ್ನು ಪದಚ್ಯುತಗೊಳಿಸಿದರು, 1898ರಲ್ಲಿ ದ್ವೀಪಗಳನ್ನು ಅಮೆರಿಕ ನುಂಗಿಕೊಂಡಿತು. ಟಿಕಿ ಹುಚ್ಚು ನೆತ್ತಿಗೇರಿದ್ದ ವರ್ಷಗಳಲ್ಲೇ, 1946ರಿಂದ 1958ರ ನಡುವೆ, ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ 23 ಅಣುಬಾಂಬ್ ಪರೀಕ್ಷೆಗಳನ್ನು ನಡೆಸಿತು. ಅದಕ್ಕೆ ಮೊದಲು ಅಲ್ಲಿನ 167 ನಿವಾಸಿಗಳನ್ನು ಎತ್ತಂಗಡಿ ಮಾಡಿತ್ತು. ಒಂದು ಕಡೆ ದ್ವೀಪವಾಸಿಗಳ ದೇವರ ಮುಖವನ್ನು ರಮ್ ಲೋಟ ಮಾಡಿಕೊಂಡ ದೇಶ, ಇನ್ನೊಂದು ಕಡೆ ದ್ವೀಪವಾಸಿಗಳನ್ನೇ ಅವರ ನೆಲದಿಂದ ಕಿತ್ತುಹಾಕುತ್ತಿತ್ತು. ಹಳೆಯ ಸಿನಿಮಾಗಳ ಮೇಲೆ ನನಗಿರುವ ಪ್ರೀತಿ ದೊಡ್ಡದು, ‘ಸೌತ್ ಪೆಸಿಫಿಕ್’ನ ಹಾಡುಗಳನ್ನೂ ಇಷ್ಟಪಟ್ಟು ಕೇಳುತ್ತೇನೆ. ಆದರೆ ಇಷ್ಟನ್ನು ಮರೆತು ಆ ಕಾಲವನ್ನು ಹಂಬಲಿಸುವುದು ನನ್ನಿಂದಾಗುವುದಿಲ್ಲ.

ಈ ಸಂಸ್ಕೃತಿಯಿಂದ ಗುಜರಾತಿಗೆ ಏನು ಬರಬಹುದಿತ್ತು? ಬಾರ್ ಬರುವಂತಿರಲಿಲ್ಲ. ಪಾನನಿಷೇಧ ಮುಗಿದದ್ದರಿಂದ ಹುಟ್ಟಿದ ಟಿಕಿ ಪಾನನಿಷೇಧವೇ ಇರುವ ನೆಲಕ್ಕೆ ಹೇಗೆ ಬಂದೀತು? 1949ರ ಬಾಂಬೆ ಪ್ರೊಹಿಬಿಷನ್ ಕಾಯ್ದೆ 1960ರ ಮೇ 1ರಂದು ಗುಜರಾತ್ ಪ್ರತ್ಯೇಕ ರಾಜ್ಯವಾದ ಮೇಲೂ ಮುಂದುವರಿಯಿತು. 2023ರ ಕೊನೆಯಲ್ಲಿ ಗಾಂಧಿನಗರದ ಬಳಿಯ ಗಿಫ್ಟ್ ಸಿಟಿ ಎಂಬ ಹಣಕಾಸು ವಲಯಕ್ಕೆ ಮಾತ್ರ ಸಡಿಲಿಕೆ ಸಿಕ್ಕಿತು. ಟಿಕಿ ಮೇಜಿನ ಮೇಲಿನ ಅನಾನಸು ಅಹಮದಾಬಾದಿನಲ್ಲಿ ಮಾಣೆಕ್ ಚೌಕದ ರಾತ್ರಿ ಅಂಗಡಿಗಳ ಸ್ಯಾಂಡ್‌ವಿಚ್ಚಿನೊಳಗೆ ಸಿಗುತ್ತದೆ, ರಮ್ಮಿನ ಲೋಟದಲ್ಲಿ ಅಲ್ಲ. ಹೀಗೆ ಬಾರು, ಮದ್ಯ, ಮರದ ದೇವರು ಎಲ್ಲ ಆಚೆಯೇ ಉಳಿದವು. ಎರಡು ಮಾತ್ರ ದಾಟಿ ಬಂದವು. ಒಂದು ಆ ಕಾಲದ ಬಯಲು ಪರದೆ. ಇನ್ನೊಂದು ಆ ಲೋಕದ ನಾದ.

ಮೊದಲು ಪರದೆ. ಹಾಲಿಂಗ್ಸ್‌ಹೆಡ್‌ನ ಉಪಾಯದ ಜೀವಾಳ ಇದ್ದದ್ದು ನೆಲದಲ್ಲಿ. ಅವನು ಮನೆಯಂಗಳದ ಮರಗಳಿಗೆ ಬಿಳಿ ಬಟ್ಟೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು ಪ್ರಯೋಗ ಮಾಡಿದ. ಹಿಂದಿನ ಕಾರಿನವರಿಗೆ ಮುಂದಿನ ಕಾರು ಅಡ್ಡ ಬರುತ್ತಿತ್ತು. ಅದಕ್ಕೆ ಅವನು ಕಂಡುಕೊಂಡ ಪರಿಹಾರ, ನೆಲವನ್ನು ಸಾಲುಸಾಲು ದಿಣ್ಣೆಯಾಗಿ ಏರಿಸಿ ಕಾರಿನ ಮೂತಿ ಮೇಲಕ್ಕಿರುವಂತೆ ನಿಲ್ಲಿಸುವುದು. 1933ರ ಮೇ ತಿಂಗಳಲ್ಲಿ ಅವನಿಗೆ ಸಿಕ್ಕ ಪೇಟೆಂಟ್ ಈ ಏರುನೆಲಕ್ಕೇ. ಧ್ವನಿಯದು ಮೊದಮೊದಲು ದೊಡ್ಡ ತಾಪತ್ರಯ: ಪರದೆಯ ಪಕ್ಕದ ಲೌಡ್‌ಸ್ಪೀಕರಿನ ಸದ್ದು ಸುತ್ತಲ ಊರಿಗೆಲ್ಲ ಕೇಳುತ್ತಿತ್ತು, ಹಿಂದಿನ ಸಾಲಿಗೆ ಮಾತು ತಡವಾಗಿ ಮುಟ್ಟುತ್ತಿತ್ತು. 1940ರ ದಶಕದಲ್ಲಿ ಕಾರಿನ ಕಿಟಕಿಗೆ ತೂಗುಹಾಕುವ ಪುಟ್ಟ ಸ್ಪೀಕರ್ ಬಂದ ಮೇಲೆ ಅದು ತೀರಿತು. 1958ರ ಹೊತ್ತಿಗೆ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಡ್ರೈವ್-ಇನ್‌ಗಳಿದ್ದವು.

ಆಮೇಲೆ ಇಳಿಗಾಲ. ಬಣ್ಣದ ಟೀವಿ ಮನೆಗೆ ಬಂತು. 1966ರ ಕಾಯ್ದೆಯಿಂದ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ, ಕತ್ತಲಾಗುವುದೇ ತಡವಾಗಿ, ಮಕ್ಕಳಿರುವ ಮನೆಯವರು ಬರುವುದು ಕಡಿಮೆಯಾಯಿತು. ಪಟ್ಟಣಗಳು ಹಬ್ಬಿ ಜಾಗದ ಬೆಲೆ ಏರಿತು. ಕೊನೆಗೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಪೂರೈಕೆಗೆ ತಡೆಯೊಡ್ಡಿ ಪೆಟ್ರೋಲಿನ ಬಿಕ್ಕಟ್ಟು ಬಂತು. ಅಹಮದಾಬಾದಿನಲ್ಲಿ ಡ್ರೈವ್-ಇನ್ ಬಾಗಿಲು ತೆರೆದದ್ದು ಅದೇ 1973ರಲ್ಲಿ. ಕನ್ನಡದಲ್ಲಿ ‘ಗಂಧದ ಗುಡಿ’, ‘ಎಡಕಲ್ಲು ಗುಡ್ಡದ ಮೇಲೆ’ ಬಂದ ವರ್ಷ. ಭಾರತದಲ್ಲಿ ಆಗ ಕಾರು ಇದ್ದವರೆಷ್ಟು? ಅಂಬಾಸಿಡರ್, ಫಿಯಟ್ ಬಿಟ್ಟರೆ ಹೆಚ್ಚಿನ ಆಯ್ಕೆಯಿಲ್ಲ, ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಂಥ ದೇಶದಲ್ಲಿ ಕಾರಿನೊಳಗೆ ಕೂತು ನೋಡುವ ಚಿತ್ರಮಂದಿರ ಉಳಿಯಲು ಸಾಧ್ಯವೇ ಇರಲಿಲ್ಲ ಎಂದು ಯಾರಾದರೂ ಹೇಳಿಯಾರು.

ಅದು ಉಳಿಯಿತು, ಉಳಿಯಲು ಎರಡು ಕಾರಣಗಳು ಕಾಣುತ್ತವೆ. ಒಂದು ಮಳೆ. ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 80 ಸೆಂಟಿಮೀಟರ್, ಅದೂ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುತ್ತದೆ. ವರ್ಷದ ಎಂಟು ತಿಂಗಳು ಆಕಾಶ ತೆರೆದೇ ಇರುತ್ತದೆ. ಮೂರು ಮೀಟರಿಗೂ ಮೀರಿ ಮಳೆ ಹೊಯ್ಯುವ ಮಂಗಳೂರಿನಲ್ಲಿ ಈ ವ್ಯಾಪಾರ ಒಂದು ವರ್ಷವೂ ನಡೆಯುತ್ತಿರಲಿಲ್ಲ. ಒಂದೇ ತೊಡಕು ಸೂರ್ಯನದು: ಅಹಮದಾಬಾದು ಬೆಂಗಳೂರಿಗಿಂತ ಪಶ್ಚಿಮಕ್ಕೂ ಉತ್ತರಕ್ಕೂ ಇರುವುದರಿಂದ ಜೂನ್‌ನಲ್ಲಿ ಸೂರ್ಯ ಮುಳುಗುವುದು ಏಳೂವರೆಯ ಹತ್ತಿರ, ಬೆಂಗಳೂರಿಗಿಂತ ಸುಮಾರು ನಲವತ್ತು ನಿಮಿಷ ತಡವಾಗಿ. ಅಲ್ಲಿಯ ತನಕ ಪರದೆ ಖಾಲಿ.

ಇನ್ನೊಂದು ಕಾರಣ ಗುಜರಾತಿ ಕುಟುಂಬ. ಅಮೆರಿಕದ ಡ್ರೈವ್-ಇನ್‌ಗೆ ಹದಿಹರೆಯದ ಜೋಡಿಗಳು ಕದ್ದು ಕೂರುವ ಜಾಗ ಎಂಬ ಹೆಸರು ಬಂದಿತ್ತು. ಇಲ್ಲಿ ಕಾರಿನೊಳಗೆ ಯಾರೂ ಉಳಿಯುತ್ತಲೇ ಇರಲಿಲ್ಲ. ಡಿಕ್ಕಿಯಿಂದ ಹಾಸಿಗೆ, ಚಾದರ, ದಿಂಬು ಹೊರಬರುತ್ತಿದ್ದವು. ಕಾರಿನ ಮುಂದೆ ನೆಲದ ಮೇಲೆ ಹಾಸಿ, ಅಜ್ಜಿಯಿಂದ ಹಸುಗೂಸಿನ ತನಕ ಎಲ್ಲರೂ ಕಾಲು ಚಾಚಿ ಕೂರುತ್ತಿದ್ದರು. ಮನೆಯಿಂದ ತಂದ ಥೇಪ್ಲಾ, ಖಾಖ್ರಾ, ಉಪ್ಪಿನಕಾಯಿಯ ಡಬ್ಬಿ ತೆರೆಯುತ್ತಿದ್ದವು. ಮಕ್ಕಳು ಮಧ್ಯಂತರಕ್ಕೆ ಮೊದಲೇ ಮಲಗಿದರೂ ಅಡ್ಡಿಯಿಲ್ಲ. ಹಗಲೆಲ್ಲ ಸುಟ್ಟ ಊರಿನಲ್ಲಿ ರಾತ್ರಿಯ ಗಾಳಿಗೆ ಮೈಯೊಡ್ಡುವುದು ಸಿನಿಮಾದಷ್ಟೇ ದೊಡ್ಡ ಸುಖವಾಗಿತ್ತು. ಕಾರಿನೊಳಗೆ ಕೂತು ನೋಡಲೆಂದು ಹುಟ್ಟಿದ ವ್ಯವಸ್ಥೆಯನ್ನು ಗುಜರಾತಿಗಳು ಹಾಸಿಗೆ ಬಿಚ್ಚಿದ ಅಂಗಳ ಮಾಡಿಕೊಂಡರು. ನಮ್ಮ ಟೂರಿಂಗ್ ಟಾಕೀಸಿನ ಟೆಂಟ್ ಕಂಡವರಿಗೆ ಇದು ಹೊಸದೆನಿಸದು. ನೆಲದ ಟಿಕೆಟಿಗೆ ಚಾಪೆ, ಕಡಲೆಕಾಯಿ ತೆಗೆದುಕೊಂಡು ಹೋಗಿ ರಾಜ್‌ಕುಮಾರ್ ಸಿನಿಮಾ ನೋಡಿದ ತಲೆಮಾರು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇದೆ.

ಕಾರಿನೊಳಗೆ ಕೂರುವ ಈ ಅಮೆರಿಕನ್ ಅಭ್ಯಾಸವನ್ನು ಅಹಮದಾಬಾದಿಗಿಂತ ಹತ್ತು ವರ್ಷ ಮೊದಲೇ ದಕ್ಷಿಣಕ್ಕೆ ತಂದವರು ನಮ್ಮ ಕಡೆಯವರೇ. ದಕ್ಷಿಣ ಕನ್ನಡದ ಕಡಂದಲೆಯಿಂದ ಬರಿಗೈಯಲ್ಲಿ ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯ ಮರಗಳ ನಡುವೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಕಾರಿನ ಕಿಟಕಿಗೆ ಟ್ರೇ ಸಿಕ್ಕಿಸಿ ಮಸಾಲೆ ದೋಸೆ, ಫಿಲ್ಟರ್ ಕಾಫಿ ಕೊಡುವ ಪದ್ಧತಿ. 2008ರಲ್ಲಿ ಅದು ಮುಚ್ಚಿ, ಆ ಜಾಗದಲ್ಲಿ ಸರಕಾರದ ಉದ್ಯಾನ ಬಂತು. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ ತಿಂಡಿ ತಿಂದವರಿಗೆ ಇದರ ರುಚಿ ಗೊತ್ತು. ಮುಂಬಯಿಯ ಬಾಂದ್ರಾದಲ್ಲಿದ್ದ ಡ್ರೈವ್-ಇನ್ ಚಿತ್ರಮಂದಿರವೂ ಹೋಯಿತು; 2021ರಲ್ಲಿ ಆ ಭಾಗದ ಮಾಲ್ ಒಂದರ ಮಾಳಿಗೆಯ ಮೇಲೆ ಹೊಸ ಡ್ರೈವ್-ಇನ್ ಬಂತು. ಡ್ರೈವ್-ಇನ್ ನಡೆಸಲು ಬೇಕಾದದ್ದು ಮುಖ್ಯವಾಗಿ ಸಮತಟ್ಟಾದ ಎಕರೆಗಟ್ಟಲೆ ನೆಲ. ಬೋಡಕ್‌ದೇವ್‌ನಂಥ ಕಡೆ ಆ ನೆಲಕ್ಕೆ ಈಗಿರುವ ಬೆಲೆಯ ಮುಂದೆ ಯಾವ ಸಿನಿಮಾದ ಗಲ್ಲಾಪೆಟ್ಟಿಗೆಯೂ ನಿಲ್ಲಲಾರದು. ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯಲ್ಲಿ 1968ರಿಂದ ಇದ್ದ ಕಪಾಲಿ ಚಿತ್ರಮಂದಿರ 2017ರಲ್ಲಿ ನೆಲಸಮವಾದದ್ದೂ ಇದೇ ಲೆಕ್ಕಕ್ಕೆ.

ದೂರದ ಕಡಲತೀರದ ಕನಸು ನಮ್ಮ ಪರದೆಗೂ ಬಂದಿತ್ತು. ಹಿಂದಿಯಲ್ಲಿ ಶಕ್ತಿ ಸಾಮಂತ 1960ರಲ್ಲಿ ‘ಸಿಂಗಪುರ್’ ಮಾಡಿದರು. ಹೆಲೆನ್ ಕುಣಿದ ಕ್ಯಾಬರೆ ಸೆಟ್‌ಗಳಲ್ಲಿ ಗರಿ, ಮುಖವಾಡ, ಡೋಲುಗಳು ಎಲ್ಲೆಲ್ಲಿಂದಲೋ ಬಂದು ಸೇರುತ್ತಿದ್ದವು. 1969ರ ‘ಇಂತಖಾಮ್’ ಚಿತ್ರದ ಪಂಜರದ ದೃಶ್ಯದಲ್ಲಿ ಮೈಗೆ ಕಪ್ಪು ಬಳಿದ ‘ಕಾಡುಮನುಷ್ಯ’ನನ್ನು ಇಂದು ನೋಡುವಾಗ ಮುಜುಗರವಾಗುತ್ತದೆ. ಹಾಲಿವುಡ್ ಮಾಡಿದ ತಪ್ಪನ್ನೇ ನಾವೂ ಮಾಡಿದ್ದೆವು. ಕನ್ನಡದಲ್ಲಿ ದೊರೆ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಕೊಟ್ಟಿತು. ಭಕ್ತನಾಗಿ, ರೈತನಾಗಿ ಕಂಡಿದ್ದ ರಾಜ್‌ಕುಮಾರ್ ಸೂಟು ಹಾಕಿ ಪತ್ತೇದಾರನಾದರು, ಗೋವಾ ಕನ್ನಡ ಪ್ರೇಕ್ಷಕನ ಪಾಲಿಗೆ ಹತ್ತಿರದ ವಿದೇಶವಾಯಿತು. 1978ರಲ್ಲಿ ವಿಷ್ಣುವರ್ಧನ್, ದ್ವಾರಕೀಶ್ ‘ಸಿಂಗಪೂರಿನಲ್ಲಿ ರಾಜಾಕುಳ್ಳ’ ಚಿತ್ರಕ್ಕಾಗಿ ನಿಜವಾಗಿಯೇ ಕಡಲು ದಾಟಿದರು. ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಸಿನಿಮಾ ಅದು. ಈ ಚಿತ್ರಗಳನ್ನು ಮತ್ತೆ ನೋಡುವವರಲ್ಲಿ ಇರುವುದು ಗೋವಾದ ಅಥವಾ ಸಿಂಗಪುರದ ಹಂಬಲವಲ್ಲ. ಅವನ್ನು ನೋಡಿದ ಟಾಕೀಸು, ಜೊತೆಗಿದ್ದ ಅಣ್ಣ, ಅಕ್ಕ, ಆ ವಯಸ್ಸು ಅವರಿಗೆ ಬೇಕು. ಅಮೆರಿಕದ ಟಿಕಿ ಪ್ರೇಮಿಗಳು 1990ರ ನಂತರ ಹಳೆಯ ಬಾರುಗಳನ್ನು ಹುಡುಕಿಕೊಂಡು ಹೋಗತೊಡಗಿದ್ದೂ ಇಂಥದ್ದೇ ಹಂಬಲದಿಂದ ಎಂದು ನನಗನಿಸುತ್ತದೆ. ಫ್ಲಾರಿಡಾದಲ್ಲಿ 1956ರಿಂದ ಇರುವ ‘ಮೈ-ಕೈ’ ಎಂಬ ಟಿಕಿ ತಾಣ 2020ರಲ್ಲಿ ಮಾಡು ಕುಸಿದು ಮುಚ್ಚಿದಾಗ ಜನ ಮರುಗಿದರು. 2024ರಲ್ಲಿ ಅದು ಮತ್ತೆ ತೆರೆಯಿತು. ಅವರು ಅಲ್ಲಿ ಹುಡುಕುವುದು ತಾಹಿತಿಯನ್ನಲ್ಲ, ತಮ್ಮ ತಂದೆತಾಯಿಯ ಯೌವನವನ್ನು.

ಇನ್ನು ನಾದ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದು, ಏಕೆಂದರೆ ಇಲ್ಲಿ ದ್ವೀಪವಾಸಿ ಗೋಡೆಯ ಬೊಂಬೆಯಾಗಿ ಉಳಿಯದೆ ಮನುಷ್ಯನಾಗಿ ಬರುತ್ತಾನೆ.

ಹವಾಯಿಯ ಒವಾಹು ದ್ವೀಪದಲ್ಲಿ ಲಾಯಿಯೆ ಎಂಬ ಸಣ್ಣ ಊರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಊರಿನ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸತೊಡಗಿದ. ಅವನಿಗಿಂತ ಮೊದಲು, ಹಡಗಿನಲ್ಲಿ ಹವಾಯಿ ಸೇರಿದ ಭಾರತ ಮೂಲದ ಗೇಬ್ರಿಯಲ್ ಡೇವಿಯನ್ ಎಂಬಾತ ಹೀಗೆ ನುಡಿಸುತ್ತಿದ್ದ ಎಂಬ ಮಾತೂ ಇದೆ. ಅದು ಜನರ ಬಾಯಲ್ಲಿ ಉಳಿದ ಕಥೆ, ಪದ್ಧತಿಯನ್ನು ಬೆಳೆಸಿ ಹಬ್ಬಿಸಿದ ಹಿರಿಮೆ ಕೆಕುಕುವಿನದೇ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಜಾಗತಿಕ ಮೇಳದಲ್ಲಿ ಹವಾಯಿಯ ಸಂಗೀತಗಾರರು ಅಮೆರಿಕದ ಮನಸ್ಸು ಗೆದ್ದರು. ಮುಂದೆ ಟಿಕಿ ಬಾರುಗಳಲ್ಲಿ, ಹಾಲಿವುಡ್‌ನ ದ್ವೀಪದ ಚಿತ್ರಗಳಲ್ಲಿ, ಚಂದ್ರ ಮೂಡುವ ದೃಶ್ಯಕ್ಕೆಲ್ಲ ಈ ಜಾರುವ ಗಿಟಾರ್ ಕಡ್ಡಾಯವಾಯಿತು. ಹವಾಯಿಯ ತಂಡಗಳು ಏಷ್ಯಾದ ಬಂದರುಗಳಿಗೂ ಬಂದವು. ಅದೇ ಲಾಯಿಯೆಯಲ್ಲಿ ಬೆಳೆದ ತಾವ್ ಮೋ ತನ್ನ ಹೆಂಡತಿ ರೋಸ್ ಜೊತೆ ಊರೂರು ಸುತ್ತುತ್ತ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ, ಅಲ್ಲಿನ ಹೋಟೆಲುಗಳಲ್ಲಿ ನುಡಿಸಿದ, ಕೆಲವರಿಗೆ ಕಲಿಸಿಯೂ ಕೊಟ್ಟ. ಕಲ್ಕತ್ತೆಯ ಗಾರ್ನಿ ನಿಸ್ ‘ಅಲೋಹಾ ಬಾಯ್ಸ್’ ಎಂಬ ತಂಡವನ್ನೇ ಕಟ್ಟಿದ. ಆಮೇಲೆ ವ್ಯಾನ್ ಶಿಪ್ಲಿ, ಹಜಾರಾ ಸಿಂಗ್, ಸುನಿಲ್ ಗಂಗೂಲಿ ಹಿಂದಿ ಚಿತ್ರಗೀತೆಗಳನ್ನು ಈ ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳು ಮನೆಮನೆಗೆ ಬಂದವು.

ಜೋಧಪುರದಲ್ಲಿ 1937ರಲ್ಲಿ ಹುಟ್ಟಿದ ಬ್ರಿಜ್ ಭೂಷಣ್ ಕಾಬ್ರಾ ಈ ವಾದ್ಯವನ್ನು ಮೊದಲು ಕೇಳಿದ್ದು ಕಲ್ಕತ್ತೆಯಲ್ಲೇ. ಸಂಗೀತದ ಮನೆತನ, ತಂದೆ ಗೋವರ್ಧನಲಾಲ್ ಸಿತಾರ್ ಕಲಿತವರು, ಅಣ್ಣ ದಾಮೋದರಲಾಲ್ ಸರೋದ್ ವಾದಕರು. ಮನೆಗೆ ಈ ‘ಸಿನಿಮಾ ವಾದ್ಯ’ ಬಂದಾಗ ತಂದೆ ಒಪ್ಪಿದ್ದು ಒಂದು ಕರಾರಿನ ಮೇಲೆ: ಇದರಲ್ಲಿ ಶಾಸ್ತ್ರೀಯ ಸಂಗೀತವನ್ನಷ್ಟೇ ನುಡಿಸಬೇಕು. ಬ್ರಿಜ್ ಭೂಷಣ್ ಅಲಿ ಅಕ್ಬರ್ ಖಾನರ ಶಿಷ್ಯರಾದರು, ಬಾಳಿನ ಬಹುಭಾಗವನ್ನು ಅಹಮದಾಬಾದಿನಲ್ಲಿ ಕಳೆದರು. ಗಿಟಾರಿನಲ್ಲಿ ಶಾಸ್ತ್ರೀಯ ಸಂಗೀತವನ್ನೇ ಬೆಳೆಸಿದರು.

ಇದು ಸಾಧ್ಯವಾದದ್ದು ಹೇಗೆ? ನಮ್ಮ ರಾಗಸಂಗೀತಕ್ಕೆ ಬಿಡಿಬಿಡಿ ಸ್ವರ ಸಾಲದು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ರಾಗದ ಜೀವ ಇರುತ್ತದೆ. ಆ ದಾರಿಗೆ ಹಿಂದೂಸ್ತಾನಿಯಲ್ಲಿ ಮೀಂಡ್, ಕರ್ನಾಟಕ ಸಂಗೀತದಲ್ಲಿ ಜಾರು ಎಂದು ಹೆಸರು. ಹಾರ್ಮೋನಿಯಂ ಮೇಲೆ ಇದು ಆಗುವುದಿಲ್ಲ ಎಂಬುದು ಆಕಾಶವಾಣಿ 1940ರಿಂದ ಮೂರು ದಶಕ ಆ ವಾದ್ಯವನ್ನು ಹೊರಗಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮಾಮೂಲಿ ಗಿಟಾರಿನಲ್ಲೂ ಮೆಟ್ಟಿಲುಗಳಿವೆ, ಬೆರಳು ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಹವಾಯಿ ಪದ್ಧತಿಯಲ್ಲಿ ತಂತಿಯನ್ನು ಎತ್ತರಿಸಿರುವುದರಿಂದ ಉಕ್ಕಿನ ತುಂಡು ಮೆಟ್ಟಿಲನ್ನು ಮುಟ್ಟದೆ ತೇಲಿಹೋಗುತ್ತದೆ. ದಕ್ಷಿಣದ ಗೋಟುವಾದ್ಯವೂ ಉತ್ತರದ ವಿಚಿತ್ರವೀಣೆಯೂ ಇದೇ ತತ್ವದ ಮೇಲೆ ನಿಂತವು. ಕೆಕುಕುವಿನ ಉಪಾಯಕ್ಕೆ ಭಾರತದ ಕಿವಿ ಮೊದಲೇ ಹದವಾಗಿತ್ತು. ಕಾಬ್ರಾ ಅದಕ್ಕೆ ಶ್ರುತಿಯ, ಚಿಕಾರಿಯ ತಂತಿಗಳನ್ನು ಸೇರಿಸಿ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಆಲಾಪ್, ಜೋಡ್, ಝಾಲಾಗಳ ಪೂರ್ಣ ವಿಸ್ತಾರವನ್ನು ಗಿಟಾರಿಗೆ ತಂದರು.

1967ರಲ್ಲಿ ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿ, ಕಾಬ್ರಾರ ಗಿಟಾರ್ ಸೇರಿ ‘ಕಾಲ್ ಆಫ್ ದ ವ್ಯಾಲಿ’ ಎಂಬ ಎಲ್‌ಪಿ ಬಂತು; ತಬಲಾದಲ್ಲಿ ಮಾಣಿಕ್‌ರಾವ್ ಪೊಪಟ್ಕರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ಅಹಿರ್ ಭೈರವದಿಂದ ರಾತ್ರಿಯ ಪಹಾಡಿಯವರೆಗೆ ಹೇಳುವ ಕಲ್ಪನೆ. ಇದಕ್ಕೆ ಹತ್ತು ವರ್ಷ ಮೊದಲು, 1957ರಲ್ಲಿ, ಹೊನೊಲುಲುವಿನ ಹೋಟೆಲಿನಲ್ಲಿ ನುಡಿಸುತ್ತಿದ್ದ ಮಾರ್ಟಿನ್ ಡೆನ್ನಿಯ ‘ಎಕ್ಸೋಟಿಕಾ’ ಎಲ್‌ಪಿ ಅಮೆರಿಕದಲ್ಲಿ ಬಂದಿತ್ತು. ವಾದ್ಯಗಾರರೇ ಬಾಯಲ್ಲಿ ಕಪ್ಪೆ, ಹಕ್ಕಿಗಳ ಕೂಗು ಹಾಕಿದ ಆ ದಾಖಲೆ ಟಿಕಿ ಯುಗದ ಗುರುತಾಯಿತು. ಎರಡೂ ಕೇಳುಗನನ್ನು ಮನೆಯ ಕುರ್ಚಿಯಿಂದ ದೂರದ ಸುಂದರ ಪ್ರದೇಶವೊಂದಕ್ಕೆ ಒಯ್ಯುವ ಎಲ್‌ಪಿಗಳು. ‘ಕಾಲ್ ಆಫ್ ದ ವ್ಯಾಲಿ’ಯ ಕಣಿವೆಯೂ ಆ ಕಾಲದ ಹಿಂದಿ ಸಿನಿಮಾದ ಬಣ್ಣದ ಕಾಶ್ಮೀರಕ್ಕೆ ಹತ್ತಿರದ್ದೇ. ಆದರೂ ಡೆನ್ನಿಯದು ಕೆಲವೇ ಸಲಕ್ಕೆ ಕಿವಿ ತುಂಬಿಸಿ ಮುಗಿಯುತ್ತದೆ, ಇದು ಮುಗಿಯುವುದಿಲ್ಲ. ರಾಗವನ್ನು ಅಲಂಕಾರಕ್ಕೆ ಇಡಲಾಗುವುದಿಲ್ಲ; ಹಿಡಿದರೆ ಅದರ ನಡೆಗೆ ತಕ್ಕಂತೆ ನಡೆಯಲೇಬೇಕು. ಬಾರಿನ ಗೋಡೆಗೆ ಮುಖವಾಡ ಕೊಂಡುತಂದವನಿಗೆ ಅಂಥ ಯಾವ ಕಟ್ಟುಪಾಡೂ ಇರಲಿಲ್ಲ.

ಆ ವರ್ಷಗಳ ಅಹಮದಾಬಾದು ಹೊಸದನ್ನು ತಂದು ತನ್ನದು ಮಾಡಿಕೊಳ್ಳುವ ಧೈರ್ಯದ ಊರಾಗಿತ್ತು. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಬರೆದ ವರದಿಯ ಮೇಲೆ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈಮ್ಸ್‌ರ ಮನೆ, ಸ್ಟುಡಿಯೊ ಇದ್ದದ್ದು ಗ್ಯಾಂಟ್‌ನ ಬಾರ್ ಇದ್ದ ಲಾಸ್ ಏಂಜಲೀಸಿನಲ್ಲೇ. ಅವರ ವರದಿ ಹೊಗಳಿದ್ದು ನಮ್ಮ ಮನೆಯ ಲೋಟಾ, ಚೊಂಬನ್ನು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದೇ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರ್ ಇರುವ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಕಟ್ಟಿಕೊಟ್ಟರು. ಅಲ್ಲಿ ಭಾರತೀಯರು ಮಾಡಿದ ಧ್ವನಿಮುದ್ರಣಗಳು ದಶಕಗಟ್ಟಲೆ ಕಪಾಟಿನಲ್ಲಿದ್ದು 2023ರಲ್ಲಿ ಹೊರಬಂದವು. ಬಯಲು ಪರದೆ, ರಾಗ ನುಡಿಯುವ ಗಿಟಾರ್, ಮೂಗ್ ಎಲ್ಲ ಒಂದೇ ಊರಿನಲ್ಲಿ, ಒಂದೇ ದಶಕದ ಆಸುಪಾಸಿನಲ್ಲಿ.

ಕಾಬ್ರಾ 2018ರ ಏಪ್ರಿಲ್‌ನಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ದಾರಿ ಬಹುದೂರ ಸಾಗಿತ್ತು. ಜೈಪುರದ ವಿಶ್ವಮೋಹನ ಭಟ್ಟರು ಇದೇ ಜಾತಿಯ ಗಿಟಾರನ್ನು ಮಾರ್ಪಡಿಸಿ ಮಾಡಿದ ತಮ್ಮ ಮೋಹನವೀಣೆಯಿಂದ 1994ರಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಗ್ರ್ಯಾಮಿ ಪಡೆದರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಹವಾಯಿ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. ಕಾಬ್ರಾರ ಶಿಷ್ಯ ಕೋಲ್ಕತಾದ ದೇಬಾಶಿಷ್ ಭಟ್ಟಾಚಾರ್ಯ ತಮ್ಮದೊಂದು ಆಲ್ಬಮನ್ನು ತಾವ್ ಮೋನ ಸ್ಮರಣೆಗೆ ಅರ್ಪಿಸಿದ್ದಾರೆ. ಟಿಕಿ ಬಾರು ಹವಾಯಿಯಿಂದ ಎಷ್ಟೋ ಪಡೆದುಕೊಂಡಿತು, ಆದರೆ ಒಬ್ಬ ಹವಾಯಿಯನ್ ಸಂಗೀತಗಾರನನ್ನು ಗುರುವಿನ ಸ್ಥಾನದಲ್ಲಿಟ್ಟು ನೆನೆದದ್ದು ಈ ಪರಂಪರೆ.

ಕೇಳಲು ಮನಸ್ಸಿರುವವರು ಸೋಲ್ ಹೂಪಿಯ 1920–30ರ ದಶಕದ ಹವಾಯಿ ಗಿಟಾರಿನ ರೆಕಾರ್ಡುಗಳಿಂದ ಶುರುಮಾಡಬಹುದು. ಅವು ಈಗ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಆಮೇಲೆ ವ್ಯಾನ್ ಶಿಪ್ಲಿಯ ಚಿತ್ರಗೀತೆಗಳು. ಅದಾದ ಮೇಲೆ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಸಂತೂರಿನ ಬಿಡಿ ಹನಿಗಳ ನಡುವೆ ಗಿಟಾರ್ ಎಳೆಯುವ ಉದ್ದನೆಯ ಮೀಂಡಿಗೆ ಕಿವಿಗೊಡಿ, ಆಮೇಲೆ ಕಾಬ್ರಾ ಒಬ್ಬರೇ ನುಡಿಸಿದ ದೀರ್ಘ ಆಲಾಪಗಳಿಗೆ ಹೋಗಿ. ಈ ಕ್ರಮದಲ್ಲಿ ಕೇಳಿದರೆ ಉಕ್ಕಿನ ತುಂಡು ಒಂದೇ, ಕೈ ಮಾತ್ರ ಬದಲಾಗುತ್ತ ಬಂದದ್ದು ಗೊತ್ತಾಗುತ್ತದೆ.